ಶನಿವಾರದ ಹುಡುಗಿಯರ ಬೇಕಿಂಗ್ ಗುಂಪು: “ಅಕ್ಕಾ, ಇದರಲ್ಲಿ ಫ್ರಾನ್ಸ್ ಎಲ್ಲಿದೆ?”

ರಿಪ್ಪನ್‌ಪೇಟೆ ಕಡೆಯವಳು (ಪ್ರಶ್ನೆ)

ನಮಸ್ಕಾರ. ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ ಹೇಳಿ.

ನಮ್ಮದು ರಿಪ್ಪನ್‌ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮನೆ. ಜೂನ್ ಎರಡನೇ ವಾರದಿಂದ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ಹುಡುಗಿಯರ ಒಂದು ಗುಂಪು ಸೇರುತ್ತಿದೆ. ಆರನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗೆ ಹನ್ನೊಂದು ಜನ, ನನ್ನ ಮಗಳೂ ಸೇರಿ. ಬೆಳಗಿನ ಶಾಲೆ ಮುಗಿಸಿ, ಮನೆಗೆ ಹೋಗಿ ಊಟ ಮಾಡಿ, ಎರಡೂವರೆಗೆ ಕೊಡೆ ಹಿಡಿದು ಬರುತ್ತಾರೆ. ಐದಕ್ಕೆ ವಾಪಸ್. ಪ್ರಪಂಚದ ಒಂದೊಂದು ಊರಿನ ಬಗ್ಗೆ ಮಾತಾಡುವುದು, ಅಲ್ಲಿಯ ಒಂದು ತಿಂಡಿ ಬೇಕ್ ಮಾಡುವುದು, ಎಲ್ಲರೂ ಸುತ್ತ ಕೂತು ತಿನ್ನುವುದು. ಇಷ್ಟೇ.

ಈ ಆಸೆ ಹುಟ್ಟಿದ್ದು ಬೆಂಗಳೂರಿನ ಪಿಜಿಯಲ್ಲಿ. ಮದುವೆಗೆ ಮುಂಚೆ ನಾಲ್ಕು ವರ್ಷ ಅಲ್ಲಿದ್ದೆ. ರೂಮಿನಲ್ಲಿ ಜೊತೆಗಿದ್ದವಳು ಮಣಿಪುರದವಳು. ಒಂದು ಭಾನುವಾರ ಊರಿಂದ ತಂದ ಕಪ್ಪಕ್ಕಿಯಲ್ಲಿ ಪಾಯಸ ಮಾಡಿದಳು. ಆ ಅಕ್ಕಿಗೆ ಅವರು ಚಾಕ್‌ಹಾವ್ ಅನ್ನುತ್ತಾರೆ. ಬೆಂದ ಮೇಲೆ ನೇರಳೆ ಹಣ್ಣಿನ ಬಣ್ಣ ಬರುತ್ತೆ. ತಿನ್ನುತ್ತಾ ಅವಳ ಅಮ್ಮನ ಗದ್ದೆ, ಅಲ್ಲಿಯ ಮಳೆ, ಅವಳ ಅಜ್ಜಿಯ ಮಗ್ಗ, ಎಲ್ಲಾ ಹೇಳಿದಳು. ಅವತ್ತಿನವರೆಗೆ ನನಗೆ ಮಣಿಪುರ ಅಂದರೆ ಪರೀಕ್ಷೆಯಲ್ಲಿ ಗುರುತಿಸಬೇಕಾದ ಜಾಗ, ಅಷ್ಟೇ. ನಮ್ಮೂರ ಹುಡುಗಿಯರಿಗೂ ಅಂಥ ಒಂದು ಭಾನುವಾರ ಸಿಗಲಿ ಅಂತ ನನಗೆ ತುಂಬಾ ಇದೆ.

ಈಗ ತೊಂದರೆ ಹೇಳುತ್ತೇನೆ. ಮೊದಲ ವಾರ ಪಿಜ್ಜಾ ಮಾಡಿದೆವು. ಎರಡನೇ ವಾರ ಬಿಸ್ಕತ್ತು. ಮೂರನೇ ವಾರ ಫ್ರಾನ್ಸ್ ಅಂತ ಇಟ್ಟುಕೊಂಡೆ. ಮ್ಯಾಡ್ಲೀನ್ ಅನ್ನೋ ಸಣ್ಣ ಕೇಕು, ಚಿಪ್ಪಿನ ಆಕಾರದ್ದು. ಅಚ್ಚು ಇಲ್ಲ, ಪಡ್ಡಿನ ಹಂಚಿನಲ್ಲೇ ಮಾಡಿದೆ. ಫ್ರಾನ್ಸಿನ ಬಾವುಟ, ಐಫೆಲ್ ಟವರಿನ ಚಿತ್ರ ಪ್ರಿಂಟ್ ತೆಗೆಸಿ ಕಂಬಕ್ಕೆ ಅಂಟಿಸಿದ್ದೆ. ತಿಂದಾದ ಮೇಲೆ ಆರನೇ ಕ್ಲಾಸಿನ ಚಿಕ್ಕ ಹುಡುಗಿ ಕೇಳಿದಳು: “ಅಕ್ಕಾ, ಇದರಲ್ಲಿ ಫ್ರಾನ್ಸ್ ಎಲ್ಲಿದೆ?”

ಅವಳು ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ್ದು. ಮೈದಾ ಶಿವಮೊಗ್ಗದ ಗಾಂಧಿ ಬಜಾರಿನದು, ಬೆಣ್ಣೆ ನಂದಿನಿಯದು, ಹಂಚು ನಮ್ಮತ್ತೆಯದು. ನನಗೆ ಉತ್ತರ ಗೊತ್ತಾಗಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಾವುಟ ಅಂಟಿಸಿ ಕೇಕು ತಿನ್ನಿಸಿದರೆ ಅವರಿಗೆ ಏನು ಕೊಟ್ಟ ಹಾಗಾಯಿತು?

ಇನ್ನೆರಡು ವಿಷಯ. ನನ್ನ ಹತ್ತಿರ ಇರೋದು 28 ಲೀಟರಿನ ಓಟಿಜಿ ಓವನ್. ಮಳೆ ಶುರುವಾದ ಮೇಲೆ ವೋಲ್ಟೇಜ್ ಇಲ್ಲ, ಕೇಕು ಮೇಲೆ ಕಪ್ಪು, ಒಳಗೆ ಹಸಿ. ಅರ್ಧದಷ್ಟು ಹುಡುಗಿಯರ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮತ್ತೆ ಒಬ್ಬರು ತಾಯಿ ಮಗಳನ್ನು ಕಳಿಸೋದು ನಿಲ್ಲಿಸಿದರು. “ಅಡುಗೆ ಕೆಲಸ ನಮ್ಮನೇಲೇ ಬೇಕಾದಷ್ಟು ಇದೆ. ಅದನ್ನ ಕಲಿಯೋಕೆ ನಿಮ್ಮನೆಗೆ ಯಾಕೆ?” ಅಂದರು. ಅವರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ.

ಹೀಗೆ ಮಕ್ಕಳ ಜೊತೆ ಮಾಡಿದವರು ಇದ್ದರೆ ದಾರಿ ಹೇಳಿ. ನಿಲ್ಲಿಸೋಕೆ ನನಗೆ ಮನಸ್ಸಿಲ್ಲ.

ಭದ್ರಾವತಿ ಬೇಕರಿ ಮನೆ

ಅಕ್ಕಾ, ನಮ್ಮಪ್ಪ ಮೂವತ್ತು ವರ್ಷ ಬೇಕರಿ ನಡೆಸಿದವರು. ನಾನು ಹಿಟ್ಟಿನ ಮೂಟೆ ಮೇಲೆ ಮಲಗಿ ಬೆಳೆದವನು. ಮೊದಲು ಓವನ್ ವಿಷಯ ಮುಗಿಸುತ್ತೇನೆ.

ವೋಲ್ಟೇಜ್ ಸ್ವಲ್ಪ ಇಳಿದರೂ ಕಾವು ಜಾಸ್ತಿ ಇಳಿಯುತ್ತೆ. 230 ಬರಬೇಕಾದಲ್ಲಿ 180 ಬಂದರೆ ನಿಮ್ಮ 1500 ವಾಟಿನ ಓವನ್ ಸುಮಾರು 900 ವಾಟಿನದ್ದಾಗಿಬಿಡುತ್ತೆ. ಅದರ ಗುಂಡಿ ಮೇಲೆ 180 ಡಿಗ್ರಿ ಅಂತ ಬರೆದಿದ್ದರೂ ಒಳಗೆ ಅಷ್ಟು ಇರುವುದಿಲ್ಲ. ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್ ಸಿಗುತ್ತೆ, ಒಂದು ತಗೊಳ್ಳಿ. ಅದು ತೋರಿಸೋದನ್ನ ಮಾತ್ರ ನಂಬಿ. ಮೇಲಿನ ರಾಡ್ ಆರಿಸಿ, ಕೆಳಗಿನದು ಮಾತ್ರ ಹಾಕಿ ಮುಕ್ಕಾಲು ಭಾಗ ಬೇಯಿಸಿ, ಕೊನೆಗೆ ಮೇಲಿನದು ಹಾಕಿ. ಆಗ ಮೇಲೆ ಕಪ್ಪಾಗುವುದಿಲ್ಲ. ಸಾಕೆಟ್ 16 ಆಂಪಿಯರಿಂದು ಇರಲಿ. ಟಿವಿಯ ಸಣ್ಣ ಸಾಕೆಟ್ಟಿಗೆ ಎಕ್ಸ್‌ಟೆನ್ಶನ್ ಹಾಕಿ ಹಚ್ಚಬೇಡಿ, ಮಕ್ಕಳಿರೋ ಜಾಗ.

ಮೊಟ್ಟೆ ಚಿಂತೆಯೇ ಬೇಡ. ಕೇಕ್ ಬಿಡಿ, ಬ್ರೆಡ್ ಹಿಡಿಯಿರಿ. ಹಿಟ್ಟು, ನೀರು, ಉಪ್ಪು, ಯೀಸ್ಟ್. ಅಷ್ಟೇ ಸಾಮಾನು, ಎಲ್ಲರೂ ತಿನ್ನಬಹುದು, ಖರ್ಚೂ ಕಡಿಮೆ.

ಆ ಪುಟ್ಟಿಯ ಪ್ರಶ್ನೆಗೆ ಉತ್ತರವೂ ಬ್ರೆಡ್ಡಿನಲ್ಲೇ ಇದೆ. ಫ್ರಾನ್ಸಿನಲ್ಲಿ 1993ರಲ್ಲಿ ಬ್ರೆಡ್ಡಿಗೆ ಒಂದು ಕಾನೂನು ಬಂತು. ‘ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್’ ಅಂತ ಹೆಸರು ಹಾಕಿ ಮಾರಬೇಕಾದರೆ ಹಿಟ್ಟನ್ನು ಫ್ರೀಜ್ ಮಾಡಿರಬಾರದು, ಕೆಡದ ಹಾಗೆ ಮಾಡುವ ಪುಡಿಗಳನ್ನು ಹಾಕಿರಬಾರದು. 2022ರಲ್ಲಿ ಯುನೆಸ್ಕೊ ಅವರ ಬಗೆಟ್ ಬ್ರೆಡ್ ಮಾಡುವ ಕಲೆಯನ್ನೇ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಬೆಳಿಗ್ಗೆ ಹಾಲಿಗೆ ಹೋದ ಹಾಗೆ ಅವರು ಬೇಕರಿಗೆ ಹೋಗುತ್ತಾರೆ. ಆ ಬ್ರೆಡ್ ಸಂಜೆಗೆ ಗಟ್ಟಿಯಾಗುತ್ತೆ, ಅದಕ್ಕೇ ಮರುದಿನ ಮತ್ತೆ ಹೋಗಬೇಕು. ಫ್ರಾನ್ಸ್ ಇರೋದು ಆ ದಿನದಿನದ ನಡಿಗೆಯಲ್ಲಿ.

ಮನೆಯಲ್ಲಿ ಮಾಡೋಕೆ: 500 ಗ್ರಾಂ ಮೈದಾ, 330 ನೀರು, 9 ಉಪ್ಪು, 2 ಗ್ರಾಂ ಯೀಸ್ಟ್. ಶುಕ್ರವಾರ ರಾತ್ರಿ ಕಲಸಿ ಮುಚ್ಚಿಡಿ. ನಿಮ್ಮ ಕಡೆಯ ಚಳಿಗೆ ಶನಿವಾರ ಮಧ್ಯಾಹ್ನಕ್ಕೆ ಸರಿಯಾಗುತ್ತೆ. ಓವನ್ ಒಳಗೆ ಒಂದು ಬಟ್ಟಲು ಕುದಿಯೋ ನೀರಿಡಿ, ಆ ಹಬೆಗೆ ಮೇಲಿನ ಪದರ ಗರಿಗರಿ ಬರುತ್ತೆ. ಹಿಟ್ಟು 100 ಆದರೆ ನೀರು 66, ಉಪ್ಪು ಎಷ್ಟು ಅಂತ ಏಳನೇ ಕ್ಲಾಸಿನವರ ಹತ್ತಿರ ಲೆಕ್ಕ ಹಾಕಿಸಿ. ಬೇಕರಿಯವರು ಎಲ್ಲಾ ಲೆಕ್ಕವನ್ನೂ ಹಾಗೇ ಹಿಟ್ಟಿನ ಮೇಲೆ ಹಾಕುತ್ತಾರೆ. ಯೀಸ್ಟ್ ಮಾತ್ರ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದ ಕೂಡಲೇ ಗಾಜಿನ ಬಾಟಲಿಗೆ ಹಾಕಿ ಫ್ರೀಜರಿನಲ್ಲಿಡಿ. ಬಳಸೋ ಮುಂಚೆ ಉಗುರುಬೆಚ್ಚಗಿನ ನೀರಿಗೆ ಸಕ್ಕರೆ ಜೊತೆ ಹಾಕಿ ನೋಡಿ, ಹತ್ತು ನಿಮಿಷದಲ್ಲಿ ನೊರೆ ಬರದಿದ್ದರೆ ಅದು ಸತ್ತಿದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಗೋವಾಕ್ಕೆ ಬಂದ ಪೋರ್ಚುಗೀಸರಿಗೆ ಯೀಸ್ಟ್ ಸಿಗಲಿಲ್ಲ, ತೆಂಗಿನ ಕಳ್ಳು ಹಾಕಿ ಹಿಟ್ಟು ಹುದುಗಿಸಿದರು. ಅದೇ ಪಾವ್. ಜಪಾನಿನಲ್ಲಿ 1870ರ ದಶಕದಲ್ಲಿ ಒಬ್ಬ ಬೇಕರಿಯವನು ಅಕ್ಕಿಯಿಂದ ಸಾಕೆ ಮದ್ಯ ಮಾಡುವ ಹುದುಗನ್ನೇ ಬ್ರೆಡ್ಡಿಗೆ ಹಾಕಿದ. ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಥೇಟ್ ನಮ್ಮ ಹೋಳಿಗೆ ಹೂರಣದ ಹಾಗೆ. ಅದಕ್ಕೆ ಆನ್‌ಪಾನ್ ಅಂತ ಹೆಸರು. ಆ ‘ಪಾನ್’ ಕೂಡ ಪೋರ್ಚುಗೀಸ್ ಪಾವ್‌ನಿಂದಲೇ ಬಂದ ಮಾತು. ನೋಡಿ, ಒಂದೇ ಮಾತು ಗೋವಾದಲ್ಲೂ ಇಳಿದಿದೆ, ಜಪಾನಿನಲ್ಲೂ ಇಳಿದಿದೆ.

ಹಳೇ ಸಮಾಜ ಟೀಚರ್, ತೀರ್ಥಹಳ್ಳಿ

ನೋಡಮ್ಮಾ, ಆ ಹುಡುಗಿಗೆ ನನ್ನ ಪರವಾಗಿ ಒಂದು ಶಭಾಷ್ ಹೇಳು. ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ್ದೇನೆ, ಇಷ್ಟು ಒಳ್ಳೆ ಪ್ರಶ್ನೆ ನನಗೆ ಬಂದದ್ದು ಕಡಿಮೆ.

ಮುಂದಿನ ಶನಿವಾರ ಓವನ್ ಹಚ್ಚಬೇಡ. ಒಂದು ಅಕ್ಕಿ ರೊಟ್ಟಿ, ಒಂದು ಚಟ್ನಿ, ಒಂದು ಹೋಳು ಅನಾನಸ್, ನಾಲ್ಕು ಗೋಡಂಬಿ ತಟ್ಟೆಗೆ ಹಾಕಿ ಮಧ್ಯದಲ್ಲಿಡು. ಯಾವುದು ಎಲ್ಲಿಂದ ಬಂತು ಅಂತ ಕೇಳು. ಚಟ್ನಿಯ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೆ ಮುಂಚೆ ನಮ್ಮ ಖಾರ ಅಂದರೆ ಕಾಳುಮೆಣಸು. ಗೋಡಂಬಿ ಬ್ರೆಜಿಲಿನದು. ಅನಾನಸ್ ಅನ್ನೋ ಹೆಸರೇ ದಕ್ಷಿಣ ಅಮೆರಿಕದ ಮೂಲ ಜನರ ಭಾಷೆಯದು. ಸೊರಬ, ಸಾಗರದ ಕಡೆ ಎಕರೆಗಟ್ಟಲೆ ಬೆಳೆಯುತ್ತೇವೆ, ನಮ್ಮದೇ ಅಂದುಕೊಂಡಿದ್ದೇವೆ. ಈಗ ನಮ್ಮದೇ ಹೌದು ಕೂಡ.

ಪ್ರಪಂಚ ನಮ್ಮಲ್ಲಿಗೂ ಬಂದಿತ್ತು ಅನ್ನೋದನ್ನ ಮಕ್ಕಳಿಗೆ ಹೇಳಲೇಬೇಕು. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಅಂತ ರೋಮ್ ನಗರದವನೊಬ್ಬ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿ ಮುಟ್ಟಿದ. ಆಗ ವೆಂಕಟಪ್ಪ ನಾಯಕರ ಆಳ್ವಿಕೆ. ದಾರಿಯಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯೋದನ್ನು ನಿಂತು ನೋಡಿದ. ಇಕ್ಕೇರಿಯಲ್ಲಿ ಹೂ ಮುಡಿದ ಹುಡುಗಿಯರು ಬಣ್ಣದ ಕೋಲು ಹೊಡೆಯುತ್ತಾ ಸುತ್ತು ಕುಣಿಯುವುದನ್ನು ನೋಡಿದ. ಎಲ್ಲಾ ಬರೆದಿಟ್ಟ. ಅಂದರೆ ನಾಲ್ಕು ನೂರು ವರ್ಷದ ಹಿಂದೆ ಇಟಲಿಯವನೊಬ್ಬ ನಮ್ಮ ಹುಡುಗಿಯರ ಕೋಲಾಟವನ್ನು ಅಕ್ಕರೆಯಿಂದ ನೋಡಿದ್ದಾನೆ. ನೀನು ಮಕ್ಕಳಿಗೆ ಕಲಿಸಬೇಕಾದದ್ದು ಆ ನೋಟವನ್ನು. ಬಾವುಟ ಸಾಲದು. ಅವನು ತಿಂಡಿ, ಬಟ್ಟೆ, ಮನೆ, ಆಟ ಎಲ್ಲದಕ್ಕೂ ಪ್ರಶ್ನೆ ಕೇಳುತ್ತಿದ್ದ.

ಆಮೇಲೆ ದೇಶ ಹಿಡಿದು ಹೋಗಬೇಡ, ಕೆಲಸ ಹಿಡಿದು ಹೋಗು. ಒಂದು ತಿಂಗಳು ‘ಎಲೆ’. ಅರಿಶಿನ ಎಲೆ ಕಡುಬು ಮಾಡಿ. ಜಪಾನಿನಲ್ಲಿ ಮೇ 5ರ ಮಕ್ಕಳ ದಿನಕ್ಕೆ ಅಕ್ಕಿಯ ಸಿಹಿಯನ್ನು ಓಕ್ ಎಲೆಯಲ್ಲಿ ಸುತ್ತುತ್ತಾರೆ. ಹೊಸ ಚಿಗುರು ಬರೋವರೆಗೆ ಹಳೇ ಎಲೆ ಉದುರದ ಮರ ಅದು, ಮನೆತನ ಹಾಗೇ ಮುಂದುವರಿಯಲಿ ಅಂತ ಅದರ ಅರ್ಥ. ಮೆಕ್ಸಿಕೊದಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲೋ ಜೋಳದ ತೆನೆಯ ಸಿಪ್ಪೆಯಲ್ಲೋ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ, ತಮಾಲೆ ಅಂತ. ಹಾಗೇ ನವರಾತ್ರಿಗೆ ಬೊಂಬೆ ಕೂರಿಸುವಾಗ ಜಪಾನಿನ ಮಾರ್ಚ್ 3ರ ಹಬ್ಬ ಹೇಳು. ಹೆಣ್ಣುಮಕ್ಕಳ ಹಬ್ಬವೇ ಅದು, ಕೆಂಪು ಬಟ್ಟೆಯ ಮೆಟ್ಟಿಲ ಮೇಲೆ ಬೊಂಬೆ ಇಡುತ್ತಾರೆ.

ಇನ್ನೊಂದು ತಿಂಗಳು ‘ಹುಳಿ ಬಂದ ಹಿಟ್ಟು’. ಇಥಿಯೋಪಿಯಾದಲ್ಲಿ ಟೆಫ್ ಅನ್ನೋ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ ದೊಡ್ಡ ದೋಸೆ ಹೊಯ್ಯುತ್ತಾರೆ. ಹೆಸರು ಇಂಜೆರಾ. ಒಂದೇ ಕಡೆ ಬೇಯಿಸುವುದು, ಮೇಲೆಲ್ಲಾ ಕಣ್ಣು ಕಣ್ಣು. ಟೆಫ್ ಸಿಗದಿದ್ದರೆ ರಾಗಿಯಲ್ಲಿ ಮಾಡು. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಆ ಬೆಟ್ಟದ ಸೀಮೆಯೇ, ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂತು. ಅವರು ಒಂದೇ ತಟ್ಟೆಯ ಸುತ್ತ ಕೂತು, ಮೊದಲ ತುತ್ತನ್ನು ಪಕ್ಕದವರ ಬಾಯಿಗಿಡುತ್ತಾರೆ. ಗುರ್ಶಾ ಅನ್ನುತ್ತಾರೆ. ಕೈತುತ್ತು.

ಒಂದೇ ಒಂದು ಎಚ್ಚರಿಕೆ. ‘ಅವರೆಲ್ಲಾ ಹೀಗೇ ತಿನ್ನೋದು’ ಅಂತ ಹೇಳಿಕೊಡಬೇಡ. ನಮ್ಮ ಜಿಲ್ಲೆಯಲ್ಲೇ ಶಿಕಾರಿಪುರದ ತಟ್ಟೆ ಬೇರೆ, ಆಗುಂಬೆಯ ತಟ್ಟೆ ಬೇರೆ ಅಲ್ವಾ?

ಸೊರಬದ ಅಪ್ಪ

ಎಲ್ಲಾ ಚೆನ್ನಾಗಿದೆ. ಆದರೆ ಹುಡುಗಿಯರಿಗೆ ಮಾತ್ರ ಯಾಕೆ ಮೇಡಂ? ನನ್ನ ಮಗನಿಗೂ ಇಂಥದ್ದು ಇಷ್ಟ. ಅಡುಗೆ ಅಂದರೆ ಹೆಣ್ಣುಮಕ್ಕಳೇ ಅಂತ ಮತ್ತೆ ಹೇಳಿಕೊಟ್ಟ ಹಾಗಾಗಲ್ವಾ?

ರಿಪ್ಪನ್‌ಪೇಟೆ ಕಡೆಯವಳು

ಸರ್, ನಿಮ್ಮ ಮಾತು ನನಗೂ ಚುಚ್ಚುತ್ತಿತ್ತು. ನಿಮ್ಮ ಮಗನಿಗೆ ಮನೆಯಲ್ಲಿ ನೀವೇ ಕಲಿಸಿ, ತುಂಬಾ ಒಳ್ಳೇದು.

ನಮ್ಮೂರ ಶನಿವಾರ ಮಧ್ಯಾಹ್ನ ಹೇಗಿರುತ್ತೆ ಅಂತ ಹೇಳುತ್ತೇನೆ. ಮಳೆ ಬಿಟ್ಟರೆ ಹುಡುಗರು ಶಾಲೆ ಮೈದಾನಕ್ಕೆ ಹೋಗುತ್ತಾರೆ. ಮಳೆ ಬಂದರೆ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂರುತ್ತಾರೆ. ಯಾರೂ ಏನೂ ಕೇಳಲ್ಲ. ಹುಡುಗಿಯರಿಗೆ ವಾರದ ಯೂನಿಫಾರಂ ಒಗೆಯೋದು, ತಮ್ಮನ್ನ ನೋಡಿಕೊಳ್ಳೋದು, ಕೊಟ್ಟಿಗೆ ಕೆಲಸ. ಅವರು ಸುಮ್ನೆ ಕೂತು ಮಾತಾಡೋಕೆ ಒಂದು ಜಾಗ ಅಂತ ಇಲ್ಲ. ‘ಕ್ಲಾಸು’ ಅಂದರೆ ಮನೆಯಿಂದ ಬಿಡುತ್ತಾರೆ. ಹಾಗಾಗಿ ಆ ಎರಡೂವರೆ ಗಂಟೆ ಅವರದ್ದೇ ಇರಲಿ. ಅಡುಗೆ ಅನ್ನೋದು ಅವರಿಗೆ ಹೇಗೂ ಮಾಡಲೇಬೇಕಾದ ಕೆಲಸ ಆಗಿಬಿಟ್ಟಿದೆ. ನನ್ನ ಜಗುಲಿಯಲ್ಲಿ ಅದೇ ಹಿಟ್ಟು ಅವರಿಗೆ ಲೆಕ್ಕ ಆಗಲಿ, ಮ್ಯಾಪ್ ಆಗಲಿ, ಪ್ರಶ್ನೆ ಆಗಲಿ ಅಂತ ಆಸೆ. ಇದನ್ನು ಬರೆಯುತ್ತಾ ಬರೆಯುತ್ತಾ ನನಗೇ ಗೊತ್ತಾಯಿತು, ಆ ತಾಯಿಗೆ ನಾನು ಹೇಳಬೇಕಾಗಿದ್ದೂ ಇದನ್ನೇ.

ಇನ್ನೊಂದು ಕಷ್ಟ ಬಸ್ಸು. ಮೂವರು ಪಕ್ಕದ ಊರಿನವರು. ಹೆಣ್ಣುಮಕ್ಕಳಿಗೆ ಫ್ರೀ ಟಿಕೆಟ್ ಇರೋದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ದಾರಿಯಲ್ಲಿ ಓಡೋದು ಪ್ರೈವೇಟ್ ಬಸ್ಸು. ಈಗ ನಮ್ಮ ಮನೆಯವರು ಐದು ಗಂಟೆಗೆ ಜೀಪಿನಲ್ಲಿ ಬಿಟ್ಟು ಬರುತ್ತಾರೆ.

ಟೀಚರ್, ನಿಮ್ಮ ತಟ್ಟೆ ಪಾಠ ಈ ಶನಿವಾರವೇ ಮಾಡುತ್ತೇನೆ.

ಸಾಗರದ ಕೊಂಕಣಿ ಮನೆ

ಎಂಥ ಮಾರಾಯ್ತಿ, ಓವನ್ ಓವನ್ ಅಂತ ಇಷ್ಟು ಚಿಂತೆ ಮಾಡ್ತಿದ್ದೀಯಲ್ಲ! ಕರೆಂಟು ಬರೋ ಮುಂಚೆ ನಮ್ಮಮ್ಮ ಬೇಕ್ ಮಾಡುತ್ತಿರಲಿಲ್ಲವಾ?

ನಮ್ಮಲ್ಲಿ ತವಸೊಳಿ ಅಂತ ಮಾಡುತ್ತೇವೆ. ಸೌತೆಕಾಯಿ ಕೇಕು ಅಂತಲೇ ಹೇಳಬಹುದು. ಬಲಿತ ಸೌತೆಕಾಯಿ ತುರಿದು, ಆ ನೀರಲ್ಲೇ ಹುರಿದ ಅಕ್ಕಿ ರವೆ ನೆನೆಸಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ಬೇರೆ ನೀರು ಹಾಕಬಾರದು. ನಮ್ಮಮ್ಮ ದಪ್ಪ ತಳದ ಪಾತ್ರೆಗೆ ಬಾಳೆಲೆ ಹಾಸಿ ಹೊಯ್ದು, ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ ಹಾಕುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಮನೆಯೆಲ್ಲಾ ಪರಿಮಳ. ಅಂಚು ಕಂದು ಬಣ್ಣ, ಒಳಗೆ ಮೆತ್ತಗೆ. ಅದರಲ್ಲಿ ಮೊಟ್ಟೆ ಇಲ್ಲ, ಮೈದಾ ಇಲ್ಲ.

ನನ್ನ ಮಗಳು ಹಡಗಿನ ಕಂಪನಿಯಲ್ಲಿದ್ದಾಗ ಫಿಲಿಪ್ಪೀನ್ಸಿನ ಗೆಳತಿಯೊಬ್ಬಳು ಬಿಬಿಂಕಾ ಅನ್ನೋ ತಿಂಡಿಯ ಫೋಟೊ ಕಳಿಸಿದ್ದಳು. ಕ್ರಿಸ್‌ಮಸ್ ಮುಂಚಿನ ಒಂಬತ್ತು ದಿನ ನಸುಕಿನಲ್ಲಿ ಚರ್ಚಿಗೆ ಹೋಗಿ ಬರುವಾಗ ದಾರಿಯಲ್ಲಿ ಬಿಸಿಬಿಸಿ ತಿನ್ನುವುದಂತೆ. ಅಕ್ಕಿ ರುಬ್ಬಿದ ಹಿಟ್ಟು, ತೆಂಗಿನ ಹಾಲು, ಮಣ್ಣಿನ ಪಾತ್ರೆಗೆ ಬಾಳೆಲೆ, ಕೆಳಗೂ ಕೆಂಡ ಮೇಲೂ ಕೆಂಡ. ಫೋಟೊ ನೋಡಿ ನಮ್ಮಮ್ಮ “ಇದು ನಮ್ಮನೆಯದಲ್ವಾ?” ಅಂದರು. ಅವರಿಗೆ ಆಗ ಎಂಬತ್ತೆರಡು. ಆ ಫೋಟೊ ಎಷ್ಟು ಹೊತ್ತು ಹಿಡಿದುಕೊಂಡೇ ಕೂತಿದ್ದರು.

ಶಿವಮೊಗ್ಗದ ನರ್ಸ್

ಕೆಂಡದ ಕೆಲಸ ಮಾಡುವುದಾದರೆ ಒಂದು ಮಾತು. ಸುಟ್ಟರೆ ಟೂತ್‌ಪೇಸ್ಟ್, ಬೆಣ್ಣೆ, ಶಾಯಿ ಯಾವುದೂ ಹಚ್ಚಬೇಡಿ. ಐಸ್ ಕೂಡ ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ಮೊದಲೇ ತೆಗೆಸಿ. ದುಪಟ್ಟಾ ಸೊಂಟಕ್ಕೆ ಬಿಗಿಯಾಗಿ ಕಟ್ಟಲಿ. ಒಂದು ಬಕೆಟ್ ನೀರು ಪಕ್ಕದಲ್ಲಿರಲಿ. ಕುಕ್ಕರಿನಲ್ಲಿ ಬೇಕ್ ಮಾಡುವವರು ರಬ್ಬರ್, ವಿಶಲ್ ಎರಡನ್ನೂ ತೆಗೆಯಲೇಬೇಕು. ಆಸ್ಪತ್ರೆಗೆ ಬಂದ ಮಕ್ಕಳನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ರಿಪ್ಪನ್‌ಪೇಟೆ ಕಡೆಯವಳು (ಐದು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತೆ.

ಕಂಬದ ಬಾವುಟಗಳನ್ನು ತೆಗೆದೆ. ಅಲ್ಲಿ ಈಗ ದೊಡ್ಡ ಪ್ರಪಂಚ ಮ್ಯಾಪ್ ಇದೆ. ತಟ್ಟೆ ಪಾಠದ ದಿನ ಮೆಣಸಿನಕಾಯಿ ಹೊರಗಿನದು ಅಂತ ಯಾರೂ ಒಪ್ಪಲಿಲ್ಲ. ನಮ್ಮತ್ತೆಯೇ ಒಳಗಿಂದ ಬಂದು “ಹಾಗಾದ್ರೆ ಹಿಂದಿನವರು ಸಾರಿಗೆ ಎಂಥ ಹಾಕ್ತಿದ್ರು?” ಅಂತ ಕೇಳಿದರು. ಕಾಳುಮೆಣಸು ಅಂದೆ. ತೋಟದಿಂದ ಕಾಳುಮೆಣಸು ತಂದು ಮೆಣಸಿನಕಾಯಿ ಇಲ್ಲದ ಸಾರು ಮಾಡಿಯೇ ನೋಡಿದರು! ಹುಡುಗಿಯರು ನೂಲು ತಂದು ಬ್ರೆಜಿಲಿನಿಂದ ಗೋವಾಕ್ಕೆ, ಗೋವಾದಿಂದ ನಮ್ಮೂರಿಗೆ ಮ್ಯಾಪಿನ ಮೇಲೆ ಎಳೆದರು. ಸಂಜೆ ಹೊತ್ತಿಗೆ ಮ್ಯಾಪಿನಲ್ಲಿ ಒಂಬತ್ತು ನೂಲು.

ಮರುವಾರ ನಾಗರಪಂಚಮಿಯ ಹೊತ್ತು, ಅರಿಶಿನ ಎಲೆ ಬೇಕಾದಷ್ಟು. ಕಡುಬು ಮಾಡಿದೆವು. ಜೊತೆಗೆ ಮೆಕ್ಸಿಕೊದ ತಮಾಲೆಗೆ ಒಂದು ಕೆಜಿ ಒಣ ಮೆಕ್ಕೆಜೋಳ ಶಿಕಾರಿಪುರದ ನೆಂಟರಿಂದ ತರಿಸಿದೆ. ಅವರ ಪದ್ಧತಿ ಏನೆಂದರೆ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಸಿ, ತೊಳೆದು ರುಬ್ಬುವುದು. ಒಂದು ಕೆಜಿಗೆ 10 ಗ್ರಾಂ ಸುಣ್ಣ. ಸುಣ್ಣದ ನೀರು ಕೈ ಸುಡುತ್ತೆ, ಹಾಗಾಗಿ ಅದನ್ನು ನಾನೇ ಮಾಡಿದೆ. (ಬಿತ್ತನೆ ಜೋಳ ಮಾತ್ರ ತರಬೇಡಿ, ಔಷಧ ಹಾಕಿರುತ್ತಾರೆ.) ಸುಣ್ಣ ಯಾಕೆ ಅಂತ ಹುಡುಕಿ ಓದಿದೆ. ಸುಣ್ಣ ಹಾಕಿದರೆ ಜೋಳದ ಸಿಪ್ಪೆ ಬಿಡುತ್ತೆ, ಹಿಟ್ಟು ಅಂಟುತ್ತೆ, ಮತ್ತೆ ಜೋಳದಲ್ಲಿರುವ ನಯಾಸಿನ್ ಅನ್ನೋ ವಿಟಮಿನ್ ನಮ್ಮ ಮೈಗೆ ಹಿಡಿಯುತ್ತೆ. ಯುರೋಪಿನವರು ಜೋಳ ಒಯ್ದರು, ಸುಣ್ಣ ಹಾಕೋ ಪದ್ಧತಿ ಒಯ್ಯಲಿಲ್ಲ. ಬರೀ ಜೋಳ ತಿಂದ ಬಡವರಿಗೆ ಪೆಲ್ಲಾಗ್ರ ಅನ್ನೋ ಕೆಟ್ಟ ಕಾಯಿಲೆ ಬಂತು. ಇದನ್ನು ಹೇಳಿದಾಗ ಒಂಬತ್ತನೇ ಕ್ಲಾಸಿನ ಹುಡುಗಿ ತುಂಬಾ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅಲ್ಲಿಯ ಅಜ್ಜಿಯರನ್ನ ಅವರು ಕೇಳಲೇ ಇಲ್ವಾ ಅಕ್ಕಾ?” ಅಂದಳು. ನಮ್ಮತ್ತೆ ಎಲೆಅಡಿಕೆ ತಟ್ಟೆಯ ಸುಣ್ಣದ ಡಬ್ಬಿಯನ್ನೇ ನೋಡುತ್ತಿದ್ದರು.

ಬಗೆಟ್ ಎರಡು ಸಲ ಕಲ್ಲಾಯಿತು. ಮೂರನೇ ಸಲ ಹಿಟ್ಟಿನ ಪಾತ್ರೆಯನ್ನು ಬಚ್ಚಲ ಹಂಡೆಯ ಪಕ್ಕ ಇಟ್ಟೆ. ಮೇಲಿನ ರಾಡ್ ಆರಿಸಿದೆ. ಮುರಿದಾಗ ಹಪ್ಪಳ ಮುರಿದ ಶಬ್ದ ಬಂತು. ಭದ್ರಾವತಿ ತಮ್ಮಾ, ಆ ಶಬ್ದಕ್ಕೆ ಹನ್ನೊಂದು ಜನ ಒಟ್ಟಿಗೆ ಕೂಗಿದರು, ನಿಮಗೆ ಕೇಳಿಸಬೇಕಿತ್ತು.

ಒಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ, ಬರೆಯುತ್ತೇನೆ. ಎಂಟನೇ ಕ್ಲಾಸಿನ ಒಬ್ಬಳು ಒಂದು ಶನಿವಾರ ಬರಲಿಲ್ಲ. ಕೇಳಿದರೆ ಹೊರಗಾಗಿದ್ದಾಳೆ, ಅಡುಗೆ ಸಾಮಾನು ಮುಟ್ಟುವ ಹಾಗಿಲ್ಲ ಅಂತ ಮನೆಯವರು ಹೇಳಿ ಕಳಿಸಿದರು. ಅವತ್ತು ಇಂಜೆರಾ ಮಾಡುವ ದಿನ. ಅವಳೇ ಮೂರು ದಿನದ ಹಿಂದೆ ರಾಗಿ ಹಿಟ್ಟು ಕಲಸಿ ಹೋಗಿದ್ದಳು. ಕೇಳಿ ನನಗೆ ಅಳು ಬಂತು. ನಮ್ಮತ್ತೆ ಸಂಪ್ರದಾಯದವರೇ. ಆದರೆ ಅವರೇ ಫೋನ್ ತಗೊಂಡು “ಇದು ಜಗುಲಿ, ಒಳಗಿನ ಅಡುಗೆಮನೆ ಅಲ್ಲ. ಅವಳು ಕಲಸಿದ ಹಿಟ್ಟು ಅವಳೇ ಹೊಯ್ಯಲಿ, ಕಳಿಸಿ” ಅಂದರು. ಬಂದಳು. ಒಂದೇ ಹರಿವಾಣದ ಸುತ್ತ ಕೂತು ತಿಂದೆವು. ಗುರ್ಶಾ ಅಂತ ಹೇಳಿ, ಮೊದಲ ತುತ್ತು ಪಕ್ಕದವರಿಗೆ ಕೊಡಿ ಅಂದೆ. ಆ ಹುಡುಗಿಯ ಪಕ್ಕ ಕೂತಿದ್ದವರು ನಮ್ಮತ್ತೆ. ಬಾಯಿ ತೆರೆದರು.

ನಿಲ್ಲಿಸಿದ ಆ ತಾಯಿಯ ಮನೆಗೂ ಹೋಗಿ ಬಂದೆ. ನಾನು ಇಲ್ಲಿ ಬರೆದದ್ದನ್ನೇ ಹೇಳಿದೆ. ಕೇಳಿದರು, ಕಾಫಿ ಕೊಟ್ಟರು. ಮಗಳನ್ನು ಇನ್ನೂ ಕಳಿಸಿಲ್ಲ. ಮತ್ತೊಮ್ಮೆ ಹೋಗುತ್ತೇನೆ.

ಮೊನ್ನೆ ಶನಿವಾರ ನನ್ನ ಹಳೇ ರೂಮಿನವಳಿಗೆ ವಿಡಿಯೊ ಕಾಲ್ ಮಾಡಿದೆ. ಈಗ ಅವಳು ಇಂಫಾಲದಲ್ಲಿದ್ದಾಳೆ. ಸಿಗ್ನಲ್ ಸಿಗೋದು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಹನ್ನೊಂದು ಜನ ಕೊಡೆ ಹಿಡಿದು ಅಲ್ಲಿ ನಿಂತು, ಬಂದಷ್ಟು ಹಿಂದಿಯಲ್ಲಿ ನಲವತ್ತು ನಿಮಿಷ ಮಾತಾಡಿದರು. ಅವಳು ಕಪ್ಪಕ್ಕಿ ತೋರಿಸಿದಳು. ನಮ್ಮ ಚಿಕ್ಕ ಹುಡುಗಿ, ಫ್ರಾನ್ಸ್ ಎಲ್ಲಿದೆ ಅಂತ ಕೇಳಿದವಳು, ಫೋನಿಗೆ ಮುಖ ಒತ್ತಿ, “ನಿಮಗೆ ನಮ್ಮ ಕೊಟ್ಟೆ ಕಡುಬು ಗೊತ್ತಾ?” ಅಂತ ಕೇಳಿದಳು. ಅವಳು ಗೊತ್ತಿಲ್ಲ, ಹೇಳಿಕೊಡು ಅಂದಳು. ಹುಡುಗಿ ಓಡಿ ಹೋಗಿ ಹಲಸಿನ ನಾಲ್ಕು ಎಲೆ ಕಿತ್ತು ತಂದು, ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ ತೋರಿಸಿದಳು. ಮಳೆಯಲ್ಲಿ ಅವಳ ಕೈ ನಡುಗುತ್ತಿತ್ತು, ಆದರೂ ಕೊಟ್ಟೆ ಸರಿಯಾಗೇ ಬಂತು.

ಮುಂದಿನ ಶನಿವಾರ ತವಸೊಳಿ ಮತ್ತು ಬಿಬಿಂಕಾ ಒಟ್ಟಿಗೆ ಮಾಡುತ್ತೇವೆ, ಕೆಂಡದ ಮೇಲೆ. ಬಕೆಟ್ ನೀರು ಇರುತ್ತೆ ಸಿಸ್ಟರ್, ದುಪಟ್ಟಾನೂ ಕಟ್ಟಿಸುತ್ತೇನೆ. ಸೌತೆಕಾಯಿ ನಮ್ಮ ಚಪ್ಪರದ್ದೇ. ಮಣ್ಣಿನ ಅಗಲ ಪಾತ್ರೆ, ಕೆಂಡ ನಿಲ್ಲುವಂಥ ಗಟ್ಟಿ ಮುಚ್ಚಳ ಇರೋದು ಮಾತ್ರ ಇಲ್ಲಿ ಸಿಗುತ್ತಿಲ್ಲ. ಸಾಗರದ ಕಡೆ ಯಾರ ಮನೆಯಲ್ಲಾದರೂ ಇದ್ದರೆ ಒಂದು ವಾರಕ್ಕೆ ಕೊಡುತ್ತೀರಾ?

ಸಾಗರದ ಕೊಂಕಣಿ ಮನೆ

ಅಮ್ಮನದ್ದು ಅಟ್ಟದ ಮೇಲಿದೆ, ಮುಚ್ಚಳ ಹಿತ್ತಾಳೆಯದು. ಇವತ್ತೇ ಇಳಿಸಿ ತೊಳೆಯುತ್ತೇನೆ. ಶುಕ್ರವಾರ ಬೆಳಗಿನ ಬಸ್ಸಿಗೆ ಹಾಕಿ ಕಳಿಸಲಾ? ಹುಲ್ಲು ಸುತ್ತಿ ಗೋಣಿಯಲ್ಲಿ ಕಟ್ಟುತ್ತೇನೆ, ಒಡೆಯಲ್ಲ. ರಿಪ್ಪನ್‌ಪೇಟೆ ಸರ್ಕಲ್ಲಿನಲ್ಲಿ ಯಾರನ್ನಾದರೂ ನಿಲ್ಲಿಸು. ಏಲಕ್ಕಿಯೂ ಒಂದು ಪೊಟ್ಟಣ ಒಳಗಿಟ್ಟಿರುತ್ತೇನೆ, ನಮ್ಮ ತೋಟದ್ದು.